ಮೀನಿನ ಪೆಟ್ಟಿಗೆ ಅಂಟಿಸಿದ ಮಧ್ಯಾಹ್ನ

ಅಂಗಡಿಗಳ ಹೆಸರನ್ನು ತಗಡಿನ ಮೇಲೆ ಬಣ್ಣದಲ್ಲಿ ಬರೆಸುವುದು ಹಳೆಯದಾಗಿ, ಅಕ್ರಿಲಿಕ್ಕಿನ ಉಬ್ಬು ಅಕ್ಷರಗಳು ಹೊಸದಾಗಿ ಬರುತ್ತಿದ್ದ ಕಾಲವದು. ಎಂಬತ್ತರ ದಶಕದ ನಡುವಿನ ವರ್ಷಗಳು. ನಮ್ಮ ಮನೆ ಬೆಳಗಾವಿಯ ವಡಗಾವಿಯಲ್ಲಿತ್ತು. ಶಾಲೆಗೆ ಸೂಟಿ ಬಿದ್ದ ಮರುದಿನವೇ ಅಪ್ಪ ನನ್ನನ್ನು ಖಾನಾಪುರದ ಬಸ್ಸು ಹತ್ತಿಸುತ್ತಿದ್ದ. ಅಲ್ಲಿ ಅಪ್ಪನ ತಮ್ಮ ಶಿವಲಿಂಗ ಕಾಕಾ ಬೋರ್ಡು ಮಾಡುವ ಅಂಗಡಿ ಇಟ್ಟಿದ್ದ. ಕಾಕಾ-ಕಾಕುಗೆ ಮಕ್ಕಳಿರಲಿಲ್ಲ. ಸೂಟಿ ಮುಗಿಯುವವರೆಗೆ ಆ ಮನೆಗೆ ನಾನೇ ಯಜಮಾನಿ.

ಅಂಗಡಿಯ ಹಿಂದೆ ಒಂದೇ ಕಿಟಕಿಯ ಸಣ್ಣ ಕೋಣೆ. ಶೀಟು ಕತ್ತರಿಸುವುದು, ಅಂಟಿಸುವುದು ಎಲ್ಲ ಅಲ್ಲೇ. ನೆಲದ ಮೇಲೆ ಬಿದ್ದ ಕೆಂಪು, ಹಳದಿ ಚೂರುಗಳೇ ನನ್ನ ಕುಂಟಾಟದ ಬಿಲ್ಲೆಗಳು. ಹಂಚಿನ ಚೂರಿಗಿಂತ ದೂರ ಜಾರುತ್ತಿದ್ದವು.

ನಾನು ಐದನೆಯ ಇಯತ್ತೆಯಲ್ಲಿದ್ದಾಗಿನ ದಸರೆ ಸೂಟಿ. ಹೊಳೆಯ ದಂಡೆಯಲ್ಲಿ ಟವೆಲ್ಲಿನಿಂದ ನಾಲ್ಕು ಸಣ್ಣ ಮೀನು ಹಿಡಿದು, ಕಾಕುವಿನ ಉಪ್ಪಿನಕಾಯಿಯ ಗಾಜಿನ ಭರಣಿಗೆ ಬಿಟ್ಟಿದ್ದೆ. “ಮೀನ ತಿನ್ನದ ಮನ್ಯಾಗ ಮೀನ ಸಾಕಾಕ ಹೊಂಟಾಳ ನೋಡ್ರಿ,” ಎಂದು ಕಾಕು ಗೊಣಗಿದಳು. ಎರಡೇ ದಿನಕ್ಕೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ನಾನು ರೊಟ್ಟಿ ಮುಟ್ಟದೆ ಅಳುತ್ತ ಕುಳಿತೆ.

“ಅಳಬ್ಯಾಡ ಮಾದೇವಿ,” ಅಂದ ಕಾಕಾ. “ಉಳಿದ ಮೂರಕ್ಕ ಒಂದು ಛಲೋ ಮನಿ ಕಟ್ಟೂಣು.”

ಬೋರ್ಡಿಗೆ ಬಳಸಿ ಮಿಕ್ಕಿದ್ದ ದಪ್ಪ ಅಕ್ರಿಲಿಕ್ ತುಂಡು ಹೊರಬಂತು. ಗರಗಸದ ಹಳೆಯ ಬ್ಲೇಡನ್ನು ಕೊಕ್ಕಿನಂತೆ ಮಸೆದಿಟ್ಟುಕೊಂಡಿದ್ದ ಕಾಕಾ, ಉಕ್ಕಿನ ಪಟ್ಟಿ ಹಿಡಿದು ಒಂದೇ ಗೆರೆಯ ಮೇಲೆ ಹತ್ತಾರು ಸಲ ಎಳೆದ. ಆ ಕಿರುಗುಟ್ಟುವಿಕೆಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಗೆರೆಯನ್ನು ಮೇಜಿನ ಅಂಚಿಗೆ ತಂದು ಒತ್ತಿದರೆ ಟಪ್ಪೆಂದು ಮುರಿಯುತ್ತಿತ್ತು. ಅಂಚುಗಳನ್ನು ಉಜ್ಜಿ ನಯ ಮಾಡುವ ಕೆಲಸ ನನ್ನದು.

ನನಗೆ ಹೆದರಿಕೆಯಿದ್ದದ್ದು ಅಂಟಿಸುವುದಕ್ಕೆ. ಕಾಕಾ ಸಿರಿಂಜಿನಲ್ಲಿ ನೀರಿನಂಥದ್ದೇನೋ ತುಂಬಿ, ಎರಡು ತುಂಡು ಕೂಡುವ ಸಂದಿಗೆ ಸೂಜಿ ತಾಗಿಸಿದರೆ ಅದು ತಾನಾಗಿ ಒಳಗೆ ಓಡುತ್ತಿತ್ತು. ಅಂಚುಗಳು ಕರಗಿ ಒಂದಾಗುತ್ತಿದ್ದವು. ಸಿಹಿ ಸಿಹಿ ವಾಸನೆ. ಅದು ಕ್ಲೋರೋಫಾರ್ಮ್. ಸಿನಿಮಾದ ಖಳರು ಕರವಸ್ತ್ರಕ್ಕೆ ಸುರಿದು ಜನರ ಮೂಗಿಗೆ ಒತ್ತುವುದು ಅದನ್ನೇ ಎಂದು ನನಗೆ ಗೊತ್ತಿತ್ತು.

“ಬಾಗಲಾ ಮುಚ್ಚು, ರಸ್ತಾದ ಧೂಳ ಬರ್ತದ. ಕಿಡಕಿ ಮಾತ್ರ ಹಾಕಬ್ಯಾಡ,” ಅಂದ ಕಾಕಾ. “ಮತ್ತ ಈ ಅಂಟಿಸಿದ ಜೋಡಿಗೆ ಹನಿ ನೀರೂ ತಾಗಬಾರದು. ತಾಗಿದ್ರ ಬೆಳ್ಳಗಾಗಿ ಸೋರತದ.”

ಕಾಕು ಸಂತೆಗೆ ಹೋಗಿದ್ದಳು. ಮೂರು ಬದಿ ನಿಂತಿದ್ದವು, ನಾಲ್ಕನೆಯದನ್ನು ಕಾಕಾ ಕೂಡಿಸುವಾಗ ಮಳೆ ಬಂತು. ಗಾಳಿಗೆ ಎರಚಲು ಒಳಗೇ ಹೊಡೆಯತೊಡಗಿತು. ಕಾಕಾ ಕಿಟಕಿಗೆ ಬೆನ್ನು ಹಾಕಿ ಸೂಜಿಯ ಮೇಲೇ ಕಣ್ಣಿಟ್ಟಿದ್ದ. ನನಗೆ ನೆನಪಾದದ್ದು ಸೋರುವ ಮಾತೊಂದೇ. ಸದ್ದಾಗದಂತೆ ಕಿಟಕಿ ಎಳೆದು ಚಿಲಕ ಹಾಕಿದೆ.

ಎಷ್ಟು ಹೊತ್ತಾಯಿತೋ. “ಮಾದೇವಿ, ಆ ಪಟ್ಟಿ…” ಎಂದ ಕಾಕಾನ ನಾಲಿಗೆ ಎಳೆಯುತ್ತಿತ್ತು. ಕಾರಣವಿಲ್ಲದೆ ನಕ್ಕ. ಚೇಷ್ಟೆ ಎಂದುಕೊಂಡು ನಾನೂ ನಕ್ಕೆ. ಅಷ್ಟರಲ್ಲಿ ಅವನ ಹಣೆ ಮೇಜಿಗೆ ಬಡಿಯಿತು. ಕೈ ತಾಗಿ ಬಾಟಲಿ ಉರುಳಿತು. ಆ ಸಿಹಿ ವಾಸನೆ ನನ್ನ ಗಂಟಲಿಗೇ ಇಳಿಯಿತು.

“ಕಾಕಾ, ಏಳೋ.” ಭುಜ ಅಲುಗಿಸಿದೆ. ಅರೆ ತೆರೆದ ಕಣ್ಣಲ್ಲಿ ಬರೀ ಬಿಳಿ ಕಂಡಿತು. ಕಾಕಾ ಸತ್ತ, ನಾನೇ ಕೊಂದೆ ಅನ್ನಿಸಿತು. ಕಿಟಕಿ ತೆಗೆಯಬೇಕೆಂಬುದೂ ಹೊಳೆಯದೆ, ಬಾಗಿಲು ನೂಕಿ ಬಾಜೂಕಿದ್ದ ಟೇಲರ್ ಮಕ್ತುಮ್ ಚಾಚಾನ ಅಂಗಡಿಗೆ ಓಡಿದೆ.

“ಚಾಚಾ, ನಮ್ಮ ಕಾಕಾ ಏಳವಲ್ಲ.”

ಚಾಚಾ ಹೊಲಿಗೆ ಬಿಟ್ಟು ಬರಿಗಾಲಲ್ಲೇ ಓಡಿ ಬಂದ. ಉಸಿರು ಬಿಗಿಹಿಡಿದು ಒಳಹೊಕ್ಕು, ಕಾಕಾನನ್ನು ಕಂಕುಳಲ್ಲಿ ಹಿಡಿದು ಮುಂದಿನ ಕಟ್ಟೆಗೆ ಎಳೆದು ತಂದು ಒಂದು ಮಗ್ಗುಲಿಗೆ ಮಲಗಿಸಿದ. ಮುಖಕ್ಕೆ ನೀರು ಹೊಡೆದ. ನಾನು ಮಳೆಯಲ್ಲೇ ನಿಂತು ಕಾಕಾನ ಅಂಗಿಯ ಗುಂಡಿ ಏಳುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ. ಕಂಡರೂ ನಂಬಿಕೆ ಬರುತ್ತಿರಲಿಲ್ಲ.

“ಉಸರ ಐತಿ ಬೇಟಿ, ಹೆದರಬ್ಯಾಡ,” ಅಂದ ಚಾಚಾ.

ಬಹಳ ಹೊತ್ತಿನ ಮೇಲೆ ಕಾಕಾ ವಾಂತಿ ಮಾಡಿ ಕಣ್ಣು ಬಿಟ್ಟ. “ಹುಡಿಗಿ ಎಲ್ಲಿ?” ಎಂದು ಮೊದಲು ಕೇಳಿದ.

ಅಷ್ಟರಲ್ಲಿ ಕಾಕು ಬಂದಳು. ಕಾಯಿಪಲ್ಲೆಯ ಚೀಲ ಅಲ್ಲೇ ಬಿತ್ತು. ಕೋಣೆಗೆ ಹೋಗಿ ನೋಡಿ ಬಂದವಳು, “ಕಿಡಕಿ ಯಾರ ಹಾಕಿದ್ರು?” ಎಂದಳು. ನಾನು ಚಾಚಾನ ಬೆನ್ನ ಹಿಂದೆ ಸರಿದೆ.

“ನಾನೇ ಹಾಕೀನಿ. ಮಳಿ ಸಿಡೀತಿತ್ತು,” ಅಂದ ಕಾಕಾ. “ಒಂದೀಟ ನೀರ ಕೊಡ.”

ಕೋಣೆಯಲ್ಲಿದ್ದವರು ಇಬ್ಬರೇ. ಅವನಿಗೆ ಗೊತ್ತಿತ್ತು. ನಾಲ್ಕು ದಿನ ಕಾಕು ಬೈದದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ಪೆಟ್ಟಿಗೆಯನ್ನು ಕಟ್ಟೆಯ ಬಯಲಿನಲ್ಲಿ ಪೂರ್ತಿ ಮಾಡಿ, ನೀರು ತುಂಬಿ, ಮೂರು ಮೀನು ಬಿಟ್ಟ. ಒಂದು ಹನಿಯೂ ಸೋರಲಿಲ್ಲ. ನನಗೆ ಅದನ್ನು ನೋಡುವ ಆಸೆ ಉಳಿದಿರಲಿಲ್ಲ. ಊಟವಾಗಿ ಕಾಕಾ ಅಡ್ಡಾದರೆ ಪಕ್ಕದಲ್ಲಿ ಕುಳಿತು ಅವನ ಉಸಿರು ಕಾಯುತ್ತಿದ್ದೆ.

ಈಗ ನಾನು ಬೆಳಗಾವಿಯದೇ ಮಹಾಂತೇಶ ನಗರದಲ್ಲಿದ್ದೇನೆ. ಬೋರ್ಡುಗಳನ್ನು ಯಂತ್ರ ಕತ್ತರಿಸುತ್ತದೆ. ಅದಕ್ಕೆ ನನಗೆ ಬೇಸರವಿಲ್ಲ. ಆ ವಿಷ ಯಾರ ಎದೆಗೂ ಹೋಗದಿದ್ದರೆ ಒಳ್ಳೆಯದೇ. ನೌಕರಿ ಸಿಕ್ಕ ಮೇಲೆ ಒಮ್ಮೆ, ಆ ದಿನ ಕಿಟಕಿ ಹಾಕಿದ್ದು ನಾನೇ ಎಂದು ಹೇಳಲೆಂದೇ ಖಾನಾಪುರಕ್ಕೆ ಹೋಗಿದ್ದೆ. ಮಾತು ಶುರು ಮಾಡುವಷ್ಟರಲ್ಲಿ ಕಾಕಾ, “ಮದಲ ಚಾ ಕುಡಿ,” ಅಂದ. ಕುಡಿದು ಎದ್ದು ಬಂದೆ. ಮರುವರ್ಷ ಅವನು ತೀರಿಕೊಂಡ. ಆಮೇಲೆ ಜೀವನದಲ್ಲಿ ಎಷ್ಟೋ ತಪ್ಪು ಮಾಡಿದ್ದೇನೆ. ‘ನಾನೇ ಹಾಕೀನಿ’ ಎನ್ನುವವರು ಯಾರೂ ಇಲ್ಲದೆ, ಒಂದೊಂದಕ್ಕೂ ನಾನೊಬ್ಬಳೇ ಎದ್ದು ನಿಂತು ಉತ್ತರ ಕೊಟ್ಟಿದ್ದೇನೆ.