ಗುಳಿಗೆ ಕೈಗಿಳಿಯುವ ತನಕ

ಗಾಜಿನ ಅಂಗಡಿಗೆ ಸೇರಿ ಮೂರು ವರ್ಷವಾದರೂ ಅವನು ಒಂದು ಗಾಜನ್ನು ನೆಟ್ಟಗೆ ಕೊಯ್ದದ್ದನ್ನು ಯಾರೂ ಕಂಡಿಲ್ಲ. ಎರಡಾಗಬೇಕಾದದ್ದು ಅವನ ಕೈಯಲ್ಲಿ ಏಳಾಗುತ್ತಿತ್ತು. ಅದಕ್ಕೇ ಅಲ್ಲಿ ಅವನ ಹೆಸರು ಚೂರಪ್ಪ. ಅವನನ್ನು ಕೆಲಸಕ್ಕೆ ಸೇರಿಸಿದವಳು ಸೋದರತ್ತೆ, ಮೂವತ್ತು ವರ್ಷದಿಂದ ಅಲ್ಲಿಯ ಗಾಜು ಕೊಯ್ಯುವ ಮೇಜಿಗೆ ನಿಂತವಳು. ಅವಳ ಕಟರ್ ಗಾಜಿನ ಮೇಲೆ ಓಡಿದರೆ ಹೊಸ ಬಟ್ಟೆ ಹರಿದಂಥ ಒಂದೇ ಸದ್ದು. ಆ ಗೆರೆಯನ್ನು ಮೇಜಿನ ಅಂಚಿಗಿಟ್ಟು ಒತ್ತಿದರೆ ಟಕ್, ಎರಡು ಹೋಳು.

ಈ ವರ್ಷ ಅವಳ ಬಲಗೈ ಮಾತು ಕೇಳುವುದನ್ನು ಬಿಟ್ಟಿತು. ಗೆರೆ ಅರ್ಧಕ್ಕೇ ನಿಲ್ಲುವುದು, ಸುಮ್ಮನೆ ಕೂತರೆ ಹೆಬ್ಬೆರಳು ನಡುಗುವುದು. ಯಜಮಾನ ಒಂದು ತಿಂಗಳ ಗಡುವು ಕೊಟ್ಟ.

"ಅಕ್ಕ, ಒಂದು ಆಳೆತ್ತರದ ಕನ್ನಡಿ ಕೊಯ್ದು ತೋರಿಸಿ. ಆಗ್ಲಿಲ್ಲ ಅಂದ್ರೆ ಮೇಜು ಬಿಟ್ಕೊಟ್ಟು ಗಿರಾಕಿಗಳ ಹತ್ರ ಮಾತಾಡ್ಕೊಂಡಿರಿ."

"ಮಾತಾಡೋಕೆ ನೀವಿದ್ದೀರಲ್ಲ," ಎಂದಳು ಅತ್ತೆ.

ಆಸ್ಪತ್ರೆಗೆ ಜೊತೆಯಲ್ಲಿ ಹೋದವನು ಚೂರಪ್ಪನೇ. ಡಾಕ್ಟರಮ್ಮ ಬಿಡಿಸಿ ಹೇಳಿದರು: "ಮಿದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಕಮ್ಮಿಯಾಗಿದೆ. ಕೈಕಾಲು ಸಲೀಸಾಗಿ ಆಡೋಕೆ ಅದು ಬೇಕು, ಹೊಸ ಕೈಕೆಲಸ ಕಲಿಯೋಕೂ ಬೇಕು. ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿ ಕೈ ಓಡಿದಾಗ ಅದು ಒಂದಿಷ್ಟು ಜಾಸ್ತಿ ಒಸರುತ್ತೆ. 'ಹೀಗೇ ಮಾಡು' ಅಂತ ನರಗಳಲ್ಲಿ ಆ ದಾರಿ ಗಟ್ಟಿಯಾಗುತ್ತೆ."

"ಎಡಗೈ ಇನ್ನೂ ನೆಟ್ಟಗಿದೆ. ಅದಕ್ಕೆ ಕಲಿಸ್ಬಹುದಾ?" ಎಂದಳು ಅತ್ತೆ.

"ನಿಧಾನ ಆಗುತ್ತೆ. ಆಗಲ್ಲ ಅಂತ ನಾನು ಹೇಳಲ್ಲ. ಡೋಪಮೈನ್ ತುಂಬೋಕೆ ಗುಳಿಗೆ ಬರ್ಕೊಡ್ತೀನಿ. ನುಂಗಿ ಮುಕ್ಕಾಲು ಗಂಟೆಗೆ ಅದು ಕೈಗೆ ಹತ್ತುತ್ತೆ, ಆ ಹೊತ್ತಲ್ಲೇ ಅಭ್ಯಾಸ ಮಾಡಿ. ಚೆನ್ನಾಗಿ ನಿದ್ದೆ ಮಾಡಿ, ಕಲಿತದ್ದು ನಿದ್ದೇಲೂ ಗಟ್ಟಿಯಾಗುತ್ತೆ."

ಮರುದಿನದಿಂದ, ಗುಳಿಗೆ ನುಂಗಿ ಮುಕ್ಕಾಲು ಗಂಟೆ ಕಳೆಯುತ್ತಲೇ ಅತ್ತೆ ಎಡಗೈಗೆ ಕಟರ್ ತೆಗೆದುಕೊಂಡು, ಪಕ್ಕದಲ್ಲಿ ಚೂರಪ್ಪನನ್ನೂ ನಿಲ್ಲಿಸಿಕೊಳ್ಳುತ್ತಿದ್ದಳು. ಇಬ್ಬರಿಗೂ ಒಂದೊಂದು ಹಳೇ ಕಿಟಕಿ ಗಾಜು.

"ನಾನ್ಯಾಕೆ ಅತ್ತೆ?"

"ನೀನು ಪಕ್ಕದಲ್ಲಿದ್ರೆ ನನ್ನ ಗೆರೆ ಯಾವಾಗ್ಲೂ ಅಂದ್ಕೊಂಡಿದ್ದಕ್ಕಿಂತ ಚೆನ್ನಾಗೇ ಕಾಣುತ್ತೆ ಕಣೋ. ನನ್ನ ಮಿದುಳಿಗೆ ಅಷ್ಟು ಸಾಕು."

ತಾನು ಯಾರಿಗಾದರೂ ಔಷಧವಾದದ್ದು ಚೂರಪ್ಪನಿಗೆ ಅದೇ ಮೊದಲು. ಹೆಮ್ಮೆಪಡಬೇಕೋ ಬೇಡವೋ ತಿಳಿಯದೆ ಇನ್ನೊಂದು ಗಾಜು ಒಡೆದ.

ಮೊದಲ ವಾರ ಅವಳ ಗೆರೆ ಎರೆಹುಳದಂತೆ ಹರಿದಾಡಿತು. ಎರಡನೇ ವಾರ ಗೇಣುದ್ದ ನೆಟ್ಟಗಾಯಿತು. ಮೂರನೇ ವಾರ ಒಂದು ಬೆಳಿಗ್ಗೆ ಸದ್ದು ತುಂಡಾಗದೆ ಮೊಳದುದ್ದ ಓಡಿತು. ಅತ್ತೆ ಕಟರ್ ಕೆಳಗಿಟ್ಟು, ನಡುಗುವ ಬಲಗೈಯಿಂದ ಎಡಗೈಯನ್ನು ತಟ್ಟಿ, "ಭೇಷ್ ಕಣೇ!" ಎಂದಳು.

ಗಡುವಿನ ದಿನ ಯಜಮಾನ ಒಂದು ಗಂಟೆ ಮುಂಚೆಯೇ ಬಂದು ನಿಂತ. "ಈಗ್ಲೇ ಆಗೋಗ್ಲಿ ಅಕ್ಕ."

"ಕೂತ್ಕೊಳ್ಳಿ. ಗುಳಿಗೆ ಇನ್ನೂ ಕೈಗಿಳಿದಿಲ್ಲ."

"ಗಿರಾಕಿ ಗುಳಿಗೆಗೆ ಕಾಯ್ತಾನಾ?"

"ಮೂವತ್ತು ವರ್ಷ ದಿನಾ ಬೆಳಿಗ್ಗೆ ನೀವು ಬೀಗದಕೈ ತರೋವರೆಗೂ ನಾನು ಹೊಸ್ತಿಲಲ್ಲಿ ಕಾದಿಲ್ವಾ? ಒಂದು ಗಂಟೆ ಕೂತ್ರೆ ನೀವೇನೂ ಸವೆದುಹೋಗಲ್ಲ."

ಯಜಮಾನ ಕೂತ.

ಹೊತ್ತಾದಾಗ ಅತ್ತೆ ಎದ್ದು ಕನ್ನಡಿ ಮಲಗಿಸಿದಳು. ಸಲೀಸಾಗಿ ಓಡಲೆಂದು ಕಟರನ್ನು ಸೀಮೆಎಣ್ಣೆಗೆ ಅದ್ದಿದಳು. ಚೂರಪ್ಪ ಎಂದಿನಂತೆ ಪಕ್ಕದಲ್ಲಿ ನಿಂತ. ಹೊಸ ಬಟ್ಟೆ ಹರಿದಂಥ ಸದ್ದು ಈ ತುದಿಯಿಂದ ಆ ತುದಿಗೆ, ಒಂದೇ ಸಲಕ್ಕೆ, ಹೋಯಿತು.

"ಆ ತುದಿ ಹಿಡ್ಕೋ."

"ನಾನಾ?"

"ನೀನೇ. ನಡುಗೋದಿದ್ರೆ ಆಮೇಲೆ ನಡುಗು."

ಟಕ್.

ಯಜಮಾನ ಅಂಚಿನುದ್ದಕ್ಕೂ ಕಣ್ಣಾಡಿಸಿದ. ಕೊಂಕು ಹುಡುಕಿ ಸುಸ್ತಾಗಿ, "ಮೊದಲಿಗಿಂತ ನಿಧಾನ," ಎಂದ.

"ಹೌದು. ಈ ಕೈಗಿನ್ನೂ ಒಂದೇ ತಿಂಗಳ ವಯಸ್ಸು," ಎಂದು ಅತ್ತೆ ತಲೆಯ ಮೇಲೆ ಎಡಕ್ಕೆ ತೂಗುತ್ತಿದ್ದ ದೀಪ ತೋರಿಸಿದಳು. "ನಾಳೆಯೊಳಗೆ ಅದನ್ನ ಬಲಗಡೆಗೆ ಹಾಕಿಸಿ. ಎಡಗೈ ನೆರಳು ಗೆರೆ ಮೇಲೆ ಬೀಳ್ತಿದೆ."