ಹಿಮದ ಮೇಲೆ ಗೊಜ್ಜವಲಕ್ಕಿ

ಮಗಳ ಶಾಲೆಯ ಸ್ಪೋರ್ಟ್ಸ್ ಡೇಗೆಂದು ಬಸವೇಶ್ವರನಗರದ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಬಿಸಿಲಿಗೆ ಹಚ್ಚುವ ಕ್ರೀಮು ಕೇಳಿದೆ. ಅಂಗಡಿಯವರು ಎರಡು ಟ್ಯೂಬು ಮುಂದಿಟ್ಟರು. ಒಂದರ ಮುಚ್ಚಳ ತಿರುಗಿಸಿ ಮೂಸಿದ್ದೇ ತಡ, ಮೇಡಂ ಅವರ ಮೂಗು ಕಣ್ಣೆದುರು ಬಂದು ನಿಂತಿತು. ಕೆಂಪಾಗಿ, ತುದಿಯಲ್ಲಿ ಸಿಪ್ಪೆ ಎದ್ದು, ಹೊಳ್ಳೆಯ ಒಳಗೂ ಸುಟ್ಟುಹೋಗಿದ್ದ ಮೂಗು.

ಹೀಗೆ ಬರೆದರೆ ಅಚ್ಚುಕಟ್ಟಾಗಿ ಕಾಣುತ್ತದೆ. ವಾಸನೆ ಬಂತು, ನೆನಪು ಬಂತು. ಆದರೆ ಮೊದಲು ಬಂದದ್ದು ಮೂಗಲ್ಲ. ನನ್ನ ಕೈ ಸೊಂಟದ ಬಳಿ ಇಲ್ಲದ ಹಗ್ಗವನ್ನು ತಡಕಿತು. ಮೂಗನ್ನು ನಾನು ಆಮೇಲೆ ಜೋಡಿಸಿಕೊಂಡೆ. ಆ ತಡಕಾಟ ನನಗೆ ಎಂಟು ವರ್ಷದಿಂದ ಪರಿಚಯ. ನಾರ್ವೆಯ ಬೆಟ್ಟಗಳ ನಡುವೆ ಒಂದು ಹಿಮನದಿಯ ಮೇಲೆ, ಅವರೂ ನಾನೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದಾಗ, ಮೇಡಂ ಬಿರುಕಿನೊಳಗೆ ಬಿದ್ದರು. ಜೀವಕ್ಕೇನೂ ಆಗಲಿಲ್ಲ. ಮೊಣಕಾಲು ಹೋಯಿತು. ಆಮೇಲೆ ಅವರು ಬಂಡೆ ಹತ್ತಲಿಲ್ಲ. ಅದು ನನ್ನಿಂದ ಆದದ್ದು ಎಂದು ನಾನು ನಂಬಿದ್ದೆ.

ವಿಜಯನಗರದಲ್ಲಿ ನಾನು ಓದಿದ ಹೈಸ್ಕೂಲಿಗೆ ಅವರು ಪಿ.ಟಿ. ಮೇಡಂ. ಭಾನುವಾರ ಐದಾರು ಹುಡುಗಿಯರನ್ನು ಕೆಂಗೇರಿ ಕಡೆಯ ಬಸ್ಸು ಹತ್ತಿಸಿಕೊಂಡು ತುರಹಳ್ಳಿ ಕಾಡಿನ ಬಂಡೆಗಳಿಗೆ ಕರೆದೊಯ್ಯುತ್ತಿದ್ದರು. ಬಂಡೆ ಹತ್ತಿಸುತ್ತೇನೆ ಎಂದರೆ ಯಾರ ಮನೆಯಲ್ಲೂ ಕಳಿಸುವುದಿಲ್ಲವೆಂದು ಪಿಕ್‌ನಿಕ್ ಎಂದು ಚೀಟಿ ಬರೆಯುತ್ತಿದ್ದರು. ಪೂರ್ತಿ ಸುಳ್ಳಾಗದಿರಲೆಂದು ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಗೊಜ್ಜವಲಕ್ಕಿ ತರುತ್ತಿದ್ದರು. ಗಂಟು ಹಾಕುವುದು, ಹಗ್ಗ ಹಿಡಿಯುವುದು ಎಲ್ಲ ಕಲಿಸಿದರು. ಜೊತೆಗೆ ಅವರದೇ ಒಂದು ನಿಯಮವಿತ್ತು. ಕೊನೆಯವಳು ಮೇಲೆ ಹತ್ತಿ ಬಂದು ಪಕ್ಕದಲ್ಲಿ ಕೂರುವವರೆಗೆ ಡಬ್ಬಿಯ ಮುಚ್ಚಳ ತೆಗೆಯುವಂತಿಲ್ಲ.

"ಒಂದೇ ಹಗ್ಗ ಕಟ್ಕೊಂಡು ಬೇರೆ ಬೇರೆ ತಿಂತೀರೇನ್ರೇ? ನಾಯಿಗಳಾ ನೀವು?" ಅನ್ನುವರು.

ಕೊನೆಯವಳು ಬಹಳ ಸಲ ನಾನೇ. ಹಸಿದ ಐದು ಮುಖಗಳು ಮೇಲಿಂದ ನನ್ನನ್ನೇ ನೋಡುತ್ತಿರುತ್ತಿದ್ದವು...

ಮೇಡಂ ನಿವೃತ್ತರಾದ ಮೇಲೆ ಒಂದು ಚಳಿಗಾಲ ನಾರ್ವೆಯಿಂದ ಒಬ್ಬಳು ಹುಡುಗಿ ನಮ್ಮ ಕಡೆಯ ಬಂಡೆಗಳನ್ನು ಹತ್ತಲು ಬಂದಳು. ಅಲ್ಲಿ ಅವಳು ಬೆಟ್ಟಗಳಲ್ಲಿ ಜನರಿಗೆ ದಾರಿ ತೋರಿಸುವ ಗೈಡ್. ಒಂದು ತಿಂಗಳು ಮೇಡಂ ಮನೆಯಲ್ಲೇ ಇದ್ದಳು. ಮಹಡಿಯಲ್ಲಿ ಮೇಡಂ, ಕೆಳಗೆ ಅವರ ಅಕ್ಕ. ಇಬ್ಬರೂ ಸೇರಿ ತಿನ್ನಿಸಿದ ತಿನ್ನಿಸುವಿಕೆಗೆ ಆ ಹುಡುಗಿ ಕಲಿತ ಮೊದಲ ಕನ್ನಡ ಪದ "ಸಾಕು". ಹೊರಡುವಾಗ ಅವಳು ಮೇಡಂ ಕೈಹಿಡಿದು, ನಮ್ಮೂರಿಗೆ ಬನ್ನಿ, ಹಿಮನದಿಯ ಮೇಲೆ ನಡೆಸುತ್ತೇನೆ ಎಂದಳು. ಬಾಯಿಮಾತಿಗೆ ಹೇಳಿದ್ದಿರಬೇಕು. ಮೇಡಂ ಮರುವಾರವೇ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡರು. ಅರವತ್ತು ದಾಟಿದವರನ್ನು ಒಬ್ಬರೇ ಕಳಿಸಲು ಅಕ್ಕ ಒಪ್ಪಲಿಲ್ಲ. ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದ ನಾನು ಒಂದು ತಿಂಗಳು ರಜೆ ಹಾಕಿದೆ.

ಅವರ ವಸಂತದಲ್ಲಿ ಹೋದೆವು. ವಸಂತ ಎಂದರೆ ಅಲ್ಲಿ ಆಳೆತ್ತರ ಹಿಮ, ಅದರ ಮೇಲೆ ಕಣ್ಣು ಬಿಡಲಾಗದ ಬಿಸಿಲು. ಗೈಡ್ ಹುಡುಗಿಯ ಮನೆಯ ಹಿಂದಿನ ಇಳಿಜಾರಿನಲ್ಲಿ ಮೂರು ವಾರ ಸ್ಕೀ ಕಲಿತೆವು. ಕಲಿತೆವು ಎನ್ನುವುದು ದೊಡ್ಡ ಮಾತು. ಬಿದ್ದೆವು. ಇಳಿಯುವುದು ಕೊನೆಗೂ ಪೂರ್ತಿ ಬರಲಿಲ್ಲ, ಹತ್ತುವುದು ಬಂತು. ಸ್ಕೀಯ ಅಡಿಗೆ ಒರಟು ಕೂದಲಿನಂಥ ಪಟ್ಟಿ ಅಂಟಿಸುತ್ತಾರೆ. ಅದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. "ಬೆಕ್ಕಿನ ಬೆನ್ನು ಸವರಿದಂಗೆ ಕಣೇ. ಈ ಕಡೆಯಿಂದ ಸವರಿದ್ರೆ ಸುಮ್ನಿರುತ್ತೆ, ಆ ಕಡೆಯಿಂದ ಸವರಿದ್ರೆ ತಿರುಗಿ ಬೀಳುತ್ತೆ" ಎಂದರು ಮೇಡಂ. ಗೈಡ್ ಹುಡುಗಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಹೋಗಿ, ಬೆಕ್ಕನ್ನು ಅಭಿನಯಿಸಿ ತೋರಿಸಿ, ಮತ್ತೆ ಬಿದ್ದರು.

ಆ ದಿನ ಬೆಳಗ್ಗೆ ಐದಕ್ಕೇ ಹೊರಟೆವು. ಮಧ್ಯಾಹ್ನವಾದರೆ ಬಿಸಿಲಿಗೆ ಹಿಮ ಮೆತ್ತಗಾಗುತ್ತದೆ, ಬಿರುಕುಗಳ ಮೇಲೆ ಕಟ್ಟಿಕೊಂಡಿರುವ ಹಿಮದ ಮುಚ್ಚಿಗೆ ಭಾರ ತಡೆಯುವುದಿಲ್ಲ. ಮುಂದೆ ಗೈಡ್ ಹುಡುಗಿ, ನಡುವೆ ಮೇಡಂ, ಹಿಂದೆ ನಾನು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಹನ್ನೆರಡು ಮೀಟರ್ ಹಗ್ಗ. ಅದರ ಉದ್ದಕ್ಕೂ ದಪ್ಪ ಗಂಟುಗಳು. ಯಾರಾದರೂ ಬಿದ್ದರೆ ಆ ಗಂಟುಗಳು ಬಿರುಕಿನ ಅಂಚಿನ ಹಿಮಕ್ಕೆ ಕಚ್ಚಿಕೊಳ್ಳುತ್ತವೆ. ಹಗ್ಗ ಸಡಿಲ ಬಿಡಬೇಡಿ, ಒಬ್ಬರ ಹತ್ತಿರ ಒಬ್ಬರು ಹೋಗಬೇಡಿ, ಒಂದೇ ಕಡೆ ಇಬ್ಬರ ಭಾರ ಬೀಳಬಾರದು ಎಂದು ಹುಡುಗಿ ಮೂರು ಸಲ ಹೇಳಿದಳು. ಕ್ರೀಮು ಹಚ್ಚಲು ಬಂದವಳನ್ನು ಮೇಡಂ ತಳ್ಳಿದರು.

"ಮೂವತ್ತು ವರ್ಷ ಗ್ರೌಂಡಲ್ಲಿ ನಿಂತೋಳು ನಾನು. ಈ ಚಳಿ ಸೂರ್ಯ ನಂಗೇನ್ ಮಾಡ್ತಾನೆ?"

ಹಿಮನದಿ ಎಂದರೆ ನದಿಯಂತೇನೂ ಕಾಣಲಿಲ್ಲ. ಎಲ್ಲಿ ನೋಡಿದರೂ ಒಂದೇ ಬಿಳುಪು, ಮೆಲ್ಲಗೆ ಏರುವ ಬಯಲು. ನಮ್ಮ ಸ್ಕೀಗಳ ಸರಸರ ಬಿಟ್ಟರೆ ಸದ್ದೇ ಇಲ್ಲ. ಅಷ್ಟೊಂದು ಖಾಲಿ ಜಾಗವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮೇಡಂ ಮಧ್ಯೆ ಮಧ್ಯೆ ತಿರುಗಿ ನನ್ನನ್ನು ನೋಡಿ ನಗುತ್ತಿದ್ದರು. ಇದು ನಿಜ, ಇದರಲ್ಲಿ ನನಗೆ ಅನುಮಾನವಿಲ್ಲ. ಉಳಿದದ್ದರಲ್ಲಿ ಇದೆ.

ಹತ್ತೂವರೆ, ಹನ್ನೊಂದರ ಹೊತ್ತಿಗೆ ಹುಡುಗಿ ಕೈಯೆತ್ತಿ ನಿಲ್ಲಿಸಿದಳು. ನಿಂತಲ್ಲೇ ನಿಂತು ಏನಾದರೂ ತಿನ್ನಿ ಎಂದಳು. ಅವಳು ಅಲ್ಲೇ ನಿಂತು ಜೇಬಿನಿಂದ ಬ್ರೆಡ್ಡು ತೆಗೆದು, ನಮಗೆ ಬೆನ್ನು ಹಾಕಿ ತಿನ್ನತೊಡಗಿದಳು. ಅವರ ಊರಿನಲ್ಲಿ ಅದು ಸಹಜ. ಮೇಡಂ ಚೀಲ ಇಳಿಸಿ ಡಬ್ಬಿ ತೆಗೆದರು. ಹಿಂದಿನ ಸಂಜೆ ಆ ಹುಡುಗಿಯ ಅಡುಗೆಮನೆಯಲ್ಲಿ ಊರಿನಿಂದ ಒಯ್ದ ಹುಣಸೆ ನೆನೆಹಾಕಿ ಮಾಡಿದ ಗೊಜ್ಜವಲಕ್ಕಿ. ಮುಚ್ಚಳದ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು.

ನಾನು ಹೋದೆ.

ಏಳೆಂಟು ಹೆಜ್ಜೆ ಹೋಗಿರಬೇಕು. ಕೊನೆಯವಳು ಬಂದು ಕೂರುವವರೆಗೆ ಮುಚ್ಚಳ ತೆಗೆಯುವಂತಿಲ್ಲವಲ್ಲ. ಹಗ್ಗ ನನ್ನ ಕಾಲ ಬಳಿ ಸುರುಳಿಯಾಗಿ ಬಿದ್ದದ್ದು ಕಂಡೆ. ಕಂಡೂ ಇನ್ನೊಂದು ಹೆಜ್ಜೆ ಇಟ್ಟೆ. ಆಗ ಯಾರೋ ದೊಡ್ಡ ದಿಂಬಿನ ಮೇಲೆ ಧೊಪ್ಪೆಂದು ಕೂತಂಥ ಸದ್ದು. ಮೇಡಂ ಇದ್ದ ಜಾಗದಲ್ಲಿ ಮೇಡಂ ಇರಲಿಲ್ಲ.

ಆಮೇಲಿನದು ನನಗೆ ಚೂರು ಚೂರಾಗಿ ಮಾತ್ರ ಸಿಗುತ್ತದೆ. ಗೈಡ್ ಹುಡುಗಿ ಹಿಮಗೊಡಲಿ ನೆಟ್ಟು ಬೋರಲು ಬಿದ್ದಿದ್ದಳು. ಗಂಟುಗಳು ಅವಳ ಕಡೆಯ ಅಂಚಿಗೆ ಕಚ್ಚಿಕೊಂಡವು. ನಾನು ಹಿಂದಕ್ಕೆ ತೆವಳಿ ನನ್ನ ಕಡೆಯ ಹಗ್ಗವನ್ನು ಬಿಗಿಮಾಡಿ ಹಿಮಕ್ಕೆ ಕೆನ್ನೆ ಒತ್ತಿ ಮಲಗಿದೆ. ಕೆಳಗಿನಿಂದ ಏನೂ ಕೇಳಿಸಲಿಲ್ಲ. ಎಷ್ಟು ಹೊತ್ತು... ಬಹುಶಃ ಹತ್ತೆಣಿಸುವಷ್ಟು. ಆಮೇಲೆ ಹಿಮದೊಳಗಿನಿಂದ, ಅಸೆಂಬ್ಲಿ ಮೈದಾನದಲ್ಲಿ ಕೇಳುತ್ತಿದ್ದ ಅದೇ ದನಿ:

"ಯಾರೂ ಹತ್ರ ಬರ್ಬೇಡ್ರೇ! ನಾನ್ ಸರಿಯಾಗಿದೀನಿ!"

ಸ್ವಲ್ಪ ತಡೆದು ಮತ್ತೆ, "ಡಬ್ಬಿ ಹೋಯ್ತು ಕಣೇ. ಅಕ್ಕನ್ ಡಬ್ಬಿ. ಸಾಯಿಸ್ತಾಳೆ ನನ್ನ."

ನಾನು ಹಿಮದಲ್ಲಿ ಮುಖವಿಟ್ಟು ನಕ್ಕೆ. ಅತ್ತೆ ಎಂದೂ ಹೇಳಬಹುದು.

ಹುಡುಗಿ ತನ್ನ ಸ್ಕೀಗಳನ್ನು ಹಿಮದಲ್ಲಿ ಹೂತು, ಅದಕ್ಕೆ ಹಗ್ಗ ಕಟ್ಟಿ, ರಾಟೆ ಹೂಡಿ ಎಳೆದಳು. ಒಂದು ಗಂಟೆಯ ಮೇಲೆ ಮೇಡಂ ತಲೆ ಹೊರಬಂತು. ಬಿದ್ದದ್ದು ಎರಡಾಳುದ್ದ ಅಷ್ಟೇ. ಬಲಗಾಲಿನ ಸ್ಕೀ ಅಂಚಿಗೆ ಸಿಕ್ಕಿ ಮೊಣಕಾಲು ತಿರುಚಿತ್ತು. ಹೆಲಿಕಾಪ್ಟರ್ ಬಂತು. ಒಳಗೆ ಸ್ಟ್ರೆಚರಿನಲ್ಲಿ ಮಲಗಿ, ಸುಟ್ಟ ಮೂಗೆತ್ತಿ, ಕಿಟಕಿಯಿಂದ ಹಿಮನದಿಯನ್ನು ನೋಡುತ್ತ ಬಂದರು ಅವರು. ನಾನು ಅವರ ಕಾಲನ್ನು ನೋಡುತ್ತ ಬಂದೆ.

ಊರಿಗೆ ಬಂದ ಮೇಲೆ ಎಲ್ಲರಿಗೂ ಒಂದೇ ಕಥೆ ಹೇಳಿದರು. "ನಾನೇ ಅವಳನ್ನ ತಿನ್ನೋಕೆ ಕರೆದೆ. ನಂದೇ ತಪ್ಪು." ಆದರೆ ನನಗೆ ಗೊತ್ತಿರುವಂತೆ ಅವರು ಕರೆಯಲಿಲ್ಲ. ಬರೀ ನೋಡಿದರು. ಒಮ್ಮೊಮ್ಮೆ ನನ್ನ ನೆನಪಿನಲ್ಲೂ ಅವರು ಚಮಚ ಎತ್ತಿ "ಬಾರೇ" ಎನ್ನುತ್ತಾರೆ. ಆದರೆ ನಾವು ಚಮಚ ಒಯ್ದಿರಲಿಲ್ಲ. ಅವರು ಹೇಳಿದ ಕಥೆಯೇ ನನ್ನೊಳಗೆ ಇಳಿದು, ಸಲಕರಣೆಗಳನ್ನೂ ತಾನೇ ಹೊಂದಿಸಿಕೊಂಡಿತ್ತು. ನನ್ನನ್ನು ಉಳಿಸಲು ಅವರು ಕಟ್ಟಿದ ಕಥೆ ಅದು ಎಂದು ನಾನು ತೀರ್ಮಾನಿಸಿದ್ದೆ. ಒಮ್ಮೆ ಕೇಳಿಯೂಬಿಟ್ಟೆ.

"ಮೇಡಂ, ನೀವ್ ನಿಜವಾಗ್ಲೂ ಕರೆದ್ರಾ?"

"ಕರೆದೆ ಅಂದ್ನಲ್ಲ. ಕಿವಿಗೇನ್ ಹತ್ತಿ ಇಟ್ಕೊಂಡಿದೀಯಾ?"

ಉತ್ತರ ತೀರಾ ಬೇಗ ಬಂತು. ನಂಬಲಿಲ್ಲ ನಾನು. ಆಮೇಲೂ ಕೆಲವು ಭಾನುವಾರ ನಮ್ಮೊಡನೆ ತುರಹಳ್ಳಿಗೆ ಬಂದು, ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತು, ಹತ್ತುವವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ನಾನು ಮೇಲೆ ತಲುಪಿ ಕೆಳಗೆ ನೋಡುತ್ತಿರಲಿಲ್ಲ.

ಕಳೆದ ಆಷಾಢದಲ್ಲಿ, ನಾಲ್ಕು ದಿನದ ಜ್ವರಕ್ಕೆ, ಹೊರಟುಹೋದರು.

ಮೆಡಿಕಲ್ ಸ್ಟೋರಿನಲ್ಲಿ ಆ ಟ್ಯೂಬು ಮೂಸಿದ ವಾರವೇ ಗೈಡ್ ಹುಡುಗಿ ಬಂದಳು. ಅವಳೀಗ ಹುಡುಗಿಯಲ್ಲ, ಕಣ್ಣಂಚಿನಲ್ಲಿ ಗೆರೆಗಳು ಮೂಡಿವೆ. ಸುದ್ದಿ ತಿಳಿದು ಮೇಡಂ ಅವರ ಅಕ್ಕನನ್ನು ನೋಡಲೆಂದೇ ಬಂದಿದ್ದಳು. ಮೊನ್ನೆ ಭಾನುವಾರ ಬೆಳಗ್ಗೆ ವಿಜಯನಗರದ ಆ ಮನೆಯ ಕೆಳಗಿನ ಹಾಲಿನಲ್ಲಿ ನಾವಿಬ್ಬರೂ ಎದುರುಬದುರು ಕೂತೆವು. ಅಕ್ಕ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದರು. ಅವತ್ತು ನಾನು ಹತ್ತಿರ ಹೋಗಿರದಿದ್ದರೆ ಅವರು ಬೀಳುತ್ತಿರಲಿಲ್ಲ ಎಂದು ನಾನು ಹೇಳಿಬಿಟ್ಟೆ. ಎಂಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ.

ಅವಳು ಕೆಂಪಾದಳು. ತಲೆಯಾಡಿಸಿ, ನಿಧಾನ ಇಂಗ್ಲಿಷಿನಲ್ಲಿ, ಅಲ್ಲ, ತಪ್ಪು ನನ್ನದು ಎಂದಳು. ಹಿಂದೆ ಬರುವವರು ಎಲ್ಲಿ ನಿಲ್ಲುತ್ತಾರೆ ಎಂದು ನೋಡುವುದು ಮುಂದಿರುವವಳ ಕೆಲಸ. ಅಲ್ಲಿ ಹಿಮ ಒಂದಿಷ್ಟು ಕುಸಿದು ಗೆರೆಯಂತೆ ಇದ್ದದ್ದನ್ನು ಅವಳು ಕಂಡಿದ್ದಳಂತೆ. ತಾನು ದಾಟಿದ್ದಾಯಿತಲ್ಲ ಎಂದು ಅಸಡ್ಡೆ ಮಾಡಿ, ಮೇಡಂ ಸರಿಯಾಗಿ ಅದರ ಮೇಲೆ ಬಂದಾಗ ನಿಲ್ಲಿಸಿದಳಂತೆ. ನೀನು ಬಾರದಿದ್ದರೂ ಬೀಳುತ್ತಿದ್ದರು ಎಂದಳು. ನಾನು ಒಪ್ಪಲಿಲ್ಲ. ಅವಳೂ ಬಿಡಲಿಲ್ಲ. ನನ್ನದು, ಅಲ್ಲ ನನ್ನದು ಎಂದು ಇಬ್ಬರೂ ದನಿ ಏರಿಸಿದೆವು.

ಅಕ್ಕ ಲೋಟಗಳ ತಟ್ಟೆ ಹಿಡಿದು ಬಂದರು. "ಏನಂತೆ ಇಬ್ರದೂ?"

ನಾನು ಕನ್ನಡದಲ್ಲಿ ಹೇಳಿದೆ. ನಾನು ಅವರ ಕಾಲು ಮುರಿದೆ, ಬಂಡೆ ಹತ್ತುವುದನ್ನು ತಪ್ಪಿಸಿದೆ ಎಂದು.

ಅಕ್ಕ ತಟ್ಟೆಯನ್ನು ಟೀಪಾಯಿಯ ಮೇಲೆ ಕುಕ್ಕಿದರು. "ಯಾವ ಕಾಲು? ಆ ಬಲಗಾಲಾ? ಅದು ನೀವ್ ಹೋಗೋಕೆ ಆರು ತಿಂಗಳ ಮುಂಚೆನೇ ಕೆಟ್ಟಿತ್ತು ಕಣಮ್ಮಾ. ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ದು ನಾನೇ. ಇನ್ಮೇಲೆ ಬಂಡೆ ಬೆಟ್ಟ ಹತ್ತಂಗಿಲ್ಲ ಅಂದ್ರು ಡಾಕ್ಟ್ರು. ಹಿಮ ಬೆಟ್ಟ ಅಲ್ವಲ್ಲ ಡಾಕ್ಟ್ರೇ ಅಂದ್ಲು ಮಹಾತಾಯಿ!"

ಕೈಗೆತ್ತಿಕೊಂಡ ಲೋಟವನ್ನು ನಾನು ಮತ್ತೆ ತಟ್ಟೆಯಲ್ಲಿಟ್ಟೆ.

"ನಿಂಗ್ ಹೇಳಿದ್ರೆ ನೀನ್ ಬರಲ್ಲ, ನೀನ್ ಬರ್ದಿದ್ರೆ ನಾನ್ ಕಳ್ಸಲ್ಲ. ಅದಕ್ಕೆ ದೇವರ ಮುಂದೆ ನನ್ ಕೈಲಿ ಆಣೆ ಮಾಡಿಸ್ಕೊಂಡ್ಲು. ಈಗ ಅವಳೇ ಹೋದ್ಮೇಲೆ ಯಾವ ಆಣೆ? ಫೈಲ್ ಇದೆ ಒಳಗೆ. ತರ್ಲಾ?"

ಬೇಡ ಎಂದೆ. ನನ್ನ ನೆನಪನ್ನೇ ನಂಬದ ನಾನು ಕಾಗದ ನೋಡಬೇಕಾಗಿತ್ತು. ನೋಡಲಿಲ್ಲ. ನಾರ್ವೆಯಲ್ಲಿ ದಿನಾ ಬೆಳಗ್ಗೆ ಬಾಗಿಲು ಹಾಕಿಕೊಂಡು ಅವರು ಅಷ್ಟು ಹೊತ್ತು ಯಾಕೆ ಬಟ್ಟೆ ಹಾಕಿಕೊಳ್ಳುತ್ತಿದ್ದರು ಎಂಬುದು ತಟ್ಟನೆ ಹೊಳೆಯಿತು. ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಿರಬೇಕು. ಈಗ ಹೊಳೆದದ್ದೋ, ಈಗ ಹೊಂದಿಸಿಕೊಂಡದ್ದೋ... ಎರಡರಲ್ಲಿ ಯಾವುದಾದರೂ ಆಗಲಿ ಅನ್ನಿಸಿತು. ಗೈಡ್ ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಕಣ್ಣಗಲಿಸಿ ನನ್ನನ್ನೇ ನೋಡಿ, ಮೊದಲು ತನ್ನ ಭಾಷೆಯಲ್ಲಿ ಏನೋ ಬೈದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಕುರ್ಚಿಗೆ ಬೆನ್ನು ಆನಿಸಿದೆ. ಎಷ್ಟೋ ವರ್ಷದಿಂದ ನಾನು ಎಲ್ಲಿ ಕೂತರೂ ಮುಂದಕ್ಕೆ ಬಾಗಿಯೇ ಕೂರುತ್ತಿದ್ದೆ ಎಂದು ಆಗ ಗೊತ್ತಾಯಿತು. ಅವರು ಅದು ಕೊನೆಯ ಸಲ ಎಂದು ತಿಳಿದೇ ಬಂದಿದ್ದರು. ತಿಳಿದೇ ತಿರುಗಿ ತಿರುಗಿ ನಕ್ಕಿದ್ದರು.

ಕಾಫಿ ಮುಗಿಸಿದೆ. ಬಂದ ಸಮಾಧಾನದ ಹಿಂದೆಯೇ ಸಿಟ್ಟೂ ಬಂತು. ನನಗೆ ಒಂದು ಮಾತು ಹೇಳಬಾರದಿತ್ತೇ? ಎಂಟು ವರ್ಷ! ಎದ್ದು ಹೊರಗೆ ಬಂದು, ಮೇಡಂ ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಇವತ್ತು ಬಿಡುವುದಿಲ್ಲ ಇವರನ್ನು ಎಂದುಕೊಂಡೇ ಹತ್ತಿದೆ. ಬಾಗಿಲ ಮುಂದೆ ಯಾರದೋ ಹಸಿರು ಚಪ್ಪಲಿಗಳು. ಅಷ್ಟರಲ್ಲಿ ಬಾಗಿಲು ತಟ್ಟಿಯಾಗಿತ್ತು.

ಕತ್ತಿಗೆ ಆಸ್ಪತ್ರೆಯ ಗುರುತಿನ ಚೀಟಿ ನೇತುಹಾಕಿಕೊಂಡ ಯುವತಿಯೊಬ್ಬಳು ತೆರೆದಳು. ಹೊಸ ಬಾಡಿಗೆಯವಳು, ವಿಜಯಪುರದ ಕಡೆಯವಳು.

"ಯಾರ ಬೇಕಾಗಿತ್ರೀ ಅಕ್ಕಾರ?"

"ಇಲ್ಲಿ ಮುಂಚೆ ಇದ್ರಲ್ಲ ಮೇಡಂ... ಅವ್ರ ಹತ್ರ ಜಗಳ ಆಡ್ಬೇಕಿತ್ತು."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. "ಆ ಅಮ್ಮಾರು ತೀರಿಕೊಂಡಾರಲ್ರೀ. ನಿಮಗ ಯಾರೂ ಹೇಳಲಿಲ್ಲೇನ್ರೀ?"

"ಗೊತ್ತು" ಎಂದೆ.

"ಒಳಗ ಬರ್ರಿ. ಚಾ ಕುಡದ ಹೋಗೀರಂತ."

ಇನ್ನೊಮ್ಮೆ ಬರುತ್ತೇನೆ ಎಂದೆ. ಅವಳು ಬಾಗಿಲು ಹಾಕದೆ ಅಲ್ಲೇ ನಿಂತಿದ್ದಳು. ನಾನು ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದೆ.