ಅಣವೀರಪ್ಪನಿಗೆ ಕೂರುವ ಜಾಗ

ಲಕ್ಷ್ಮವ್ವ ಮುಂಬಯಿಯಲ್ಲಿ ಯಾವುದಕ್ಕೂ ಅಂಜಿದವಳಲ್ಲ. ವಿಜಾಪುರದ ಕಡೆಯಿಂದ ಬಂದ ಹೊಸದರಲ್ಲೇ ಮೊಣಕೈ ಹಾಕಿ ಲೋಕಲ್ ಹತ್ತುವುದನ್ನು ಕಲಿತಳು. ವಿಕ್ರೋಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದಿನಕ್ಕೆ ಮುನ್ನೂರು ಚಪಾತಿ ಲಟ್ಟಿಸುತ್ತಿದ್ದಳು; ಮೇಸ್ತ್ರಿ ಒಮ್ಮೆ ನಾಲಿಗೆ ಹರಿಬಿಟ್ಟಾಗ ಅದೇ ಲಟ್ಟಣಿಗೆ ತೋರಿಸಿದ್ದಳು. ಆಂಟಾಪ್ ಹಿಲ್ಲಿನ ಅವಳ ಓಣಿಯವರು ನಲ್ಲಿಯ ಜಗಳ ಬಂದರೆ ಅವಳನ್ನೇ ಮುಂದೆ ಬಿಡುತ್ತಿದ್ದರು. ಅಂಥ ಗಟ್ಟಿಗಿತ್ತಿಗೂ ಒಂದು ಭಯವಿತ್ತು, ಚಿತೆಯ ಬೆಂಕಿಯದು. ಲಿಂಗ ಕಟ್ಟಿಕೊಂಡವರನ್ನು ಸುಡುವುದುಂಟೆ? ಕೂರಿಸಿ ಮಣ್ಣು ಮಾಡಬೇಕು.

ಎಪ್ಪತ್ತೊಂದರ ಶ್ರಾವಣದಲ್ಲಿ, ಒಂದು ಸೋಮವಾರ ಬೆಳಗಿನ ಜಾವ, ಪರೇಲಿನ ಗಿರಣಿಯಲ್ಲಿ ದುಡಿದು ಕೆಮ್ಮು ಹತ್ತಿಸಿಕೊಂಡಿದ್ದ ಅವಳ ಗಂಡ ಅಣವೀರಪ್ಪ ತೀರಿಕೊಂಡ. ಮೈ ಸೆಟೆಯುವ ಮೊದಲೇ ಓಣಿಯವರು ಅವನನ್ನು ಪದ್ಮಾಸನ ಹಾಕಿಸಿ, ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಹಚ್ಚಿದರು. ಮೈದುನ ಚಂದ್ರಾಮ ಮುನ್ಸಿಪಾಲಿಟಿ ಕಚೇರಿಗೆ ಓಡಿ ಶವಸಂಸ್ಕಾರದ ಪರವಾನಗಿ ಚೀಟಿ ತಂದ. ಅಲ್ಲಿ ಧರ್ಮ ಯಾವುದೆಂದು ಕೇಳಿದ್ದಕ್ಕೆ "ಹಿಂದೂ" ಎಂದಿದ್ದ, ಕೆಲಸ ಮುಗಿಯಿತು ಎಂದುಕೊಂಡಿದ್ದ. ತಮ್ಮವರನ್ನು ಹೂಳುತ್ತಾರೆಂದು ಬಾಯಿಬಿಟ್ಟು ಹೇಳಬೇಕಾದ ಪ್ರಸಂಗ ಊರಲ್ಲಿ ಯಾವತ್ತೂ ಬಂದಿರಲಿಲ್ಲ.

ಪಕ್ಕದ ಬಿಲ್ಡಿಂಗಿನ ರಾಮಸ್ವಾಮಿ ಮೈಸೂರಿನವರು, ರೈಲ್ವೆ ಗುಮಾಸ್ತರು. ಚೀಟಿ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಲಕ್ಷ್ಮಮ್ಮನವರೇ, ಇದರಲ್ಲಿ ಸುಡೋದಕ್ಕೆ ಅಂತ ಬರೆದಿದ್ದಾರಲ್ಲ!"

ಲಕ್ಷ್ಮವ್ವ ಸೆರಗು ಸಿಕ್ಕಿಸಿಕೊಂಡು ತಾನೇ ಹೊರಟಳು. ರಾಮಸ್ವಾಮಿ ಕೊಡೆ ಹಿಡಿದು ಹಿಂದೆಯೇ ಓಡಿದರು.

ಕಚೇರಿಯ ಕಾರಕೂನ ತಲೆ ಎತ್ತಲಿಲ್ಲ. "ಹಿಂದೂ ಲೋಗ್ ಜಲಾತೇ ಹೈಂ, ಬಾಯಿ. ಸೆಮೆಟ್ರಿ ಕ್ರಿಶ್ಚನ್ ಲೋಗೋಂ ಕಾ ಹೈ" ಎಂದ. ಹಿಂದೂಗಳು ಸುಡುವವರು, ಸೆಮೆಟ್ರಿ ಏನಿದ್ದರೂ ಕ್ರೈಸ್ತರದು ಎಂಬುದು ಅವನ ಲೆಕ್ಕ.

ರಾಮಸ್ವಾಮಿಗೆ ಅಷ್ಟು ಸಾಕಿತ್ತು. ಇಂಗ್ಲಿಷಿನ ಮಾತು ಬಂದರೆ ಊಟ ಬಿಟ್ಟಾದರೂ ವಾದಿಸುವ ಮನುಷ್ಯ. ಸೆಮೆಟ್ರಿ ಎಂದರೆ ಸತ್ತವರನ್ನು ಹೂಳುವ ಜಾಗ ಅಷ್ಟೇ, ಅದಕ್ಕೆ ಜಾತಿಯಿಲ್ಲ. ಚರ್ಚಿನ ಅಂಗಳದ್ದಾದರೆ ಚರ್ಚ್‌ಯಾರ್ಡ್ ಎಂಬ ಬೇರೆ ಮಾತೇ ಇದೆ. ಗ್ರೀಕರ ಕಾಲದಲ್ಲಿ ಸೆಮೆಟ್ರಿಯ ಅರ್ಥ ಮಲಗುವ ಮನೆ ಎಂದೆಲ್ಲ ಇಂಗ್ಲಿಷಿನಲ್ಲೇ ಬಿಡಿಸಿ ಹೇಳಿದರು.

"ಏನ ಹೇಳಾಕ್ಹತ್ತೀರಿ ಸಾಹೇಬ್ರ?" ಲಕ್ಷ್ಮವ್ವ ಕೇಳಿದಳು.

"ಸೆಮೆಟ್ರಿ ಅಂದ್ರೆ ಮಲಗೋ ಜಾಗ ಅಂತ ಹೇಳ್ತಿದೀನಿ, ಲಕ್ಷ್ಮಮ್ಮ."

"ಅಯ್ಯ, ಮಲಗಸೂದಲ್ರಿ! ಕುಂಡ್ರಸಬೇಕು ಅಂತ ಹೇಳ್ರಿ!"

ಹಾಗೆಂದವಳೇ ಕೊರಳಿನ ಲಿಂಗವನ್ನು ಹೊರಗೆಳೆದು ಮೇಜಿನ ಮುಂದೆ ಹಿಡಿದಳು. "ಇದನ್ನ ಕಟ್ಟಿಕೊಂಡಾವ್ರನ್ನ ಸುಡೂದಿಲ್ಲೋ ಯಪ್ಪಾ. ನಿನ್ನ ಕಾಲಿಗೆ ಬೀಳತೀನಿ."

ಕಾರಕೂನನಿಗೆ ಕನ್ನಡ ಬರುತ್ತಿರಲಿಲ್ಲ, ಕಣ್ಣೀರು ತಡೆದುಕೊಂಡ ಹೆಂಗಸಿನ ಮುಖ ಓದಲು ಬಂತು. ಎದ್ದುಹೋಗಿ ಕಪಾಟಿನಿಂದ ಒಂದು ದಪ್ಪ ಪುಸ್ತಕ ತಂದ. ಸೆಮೆಟ್ರಿಗಳ ಪಟ್ಟಿಯಲ್ಲಿ ಬೆರಳಾಡಿಸಿದ. ಮೊದಲ ಪುಟವೆಲ್ಲ ಕ್ರೈಸ್ತರದೇ. ಹಾಳೆ ತಿರುವಿದರೆ ಮೇಲೆಯೇ ಇತ್ತು: ಲಿಂಗಾಯತ್. ನಾಲ್ಕು ವರ್ಷದ ನೌಕರಿಯಲ್ಲಿ ಅವನು ಆ ಹಾಳೆ ತಿರುವಿಯೇ ಇರಲಿಲ್ಲವಂತೆ. ಹಳೆಯ ಚೀಟಿ ಹರಿದು, ಹೊಸದು ಬರೆದು ಠಸ್ಸೆ ಒತ್ತಿದ. "ಮಾಫ್ ಕರನಾ, ಬಾಯಿ" ಎಂದ. ಲಕ್ಷ್ಮವ್ವ ಬಸವಣ್ಣನಿಗೆ ಮುಗಿದಂತೆ ಅವನಿಗೆ ಕೈಮುಗಿದಳು.

ಮಧ್ಯಾಹ್ನ ಮಳೆ ಬಿಡುವು ಕೊಟ್ಟಿತು. ಲಿಂಗಾಯತರ ಸ್ಮಶಾನದಲ್ಲಿ ಓಣಿಯವರು ಕುಣಿ ತೋಡಿ, ಅದರ ಮಗ್ಗುಲಿಗೆ ಗೂಡು ಕೊರೆದರು. ಜಂಗಮ ಅಯ್ಯನವರು ಅಣವೀರಪ್ಪನ ಎಡ ಅಂಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ಏರಿಸಿ ಗೂಡಿನೊಳಗೆ ಕೂರಿಸಿದರು. ಲಕ್ಷ್ಮವ್ವ ಬಗ್ಗಿ ನೋಡಿದಳು. ಗಂಡ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು.

"ಆರಾಮ್ ಕುಂತಾರ ನೋಡೋ ಚಂದ್ರಾಮ" ಎಂದಳು.

ಅಷ್ಟಾದ ಮೇಲೆ ಮಣ್ಣಿನ ಗುಡ್ಡೆಯ ಮೇಲೆ ಕುಸಿದು, ಇಡೀ ಬಯಲಿಗೆ ಕೇಳುವಂತೆ ದನಿ ತೆಗೆದು ಅತ್ತಳು. ಗಾಬರಿಯಾದ ಚಂದ್ರಾಮ ಸಮಾಧಾನ ಮಾಡಲು ಬಂದರೆ ಅವನ ಕೈ ಸರಿಸಿದಳು.

"ಬಿಡೋ. ಮುಂಜಾನಿಂದ ಪುರಸೊತ್ತ ಇರಲಿಲ್ಲ. ಈಗ ಅಳಾಕ ಅಡ್ಡಿಯಿಲ್ಲ."